ಕುಜಲೋಕದಲ್ಲೊಂದು ಮದುವೆ

ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಕಥೆಯ ಹೆಸರು ನನಗೆ ಗೊತ್ತಿಲ್ಲ. ಬರೆದವನು ಅಮೆರಿಕದವನು ಎಂದು ಊಹೆ. ಅದು ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಹೇಳಲಾರೆ. ಎಲ್ಲಿ ಮುಗಿಯುತ್ತದೆ ಎಂದು ಕೇಳಿದರಂತೂ ಎದ್ದು ಒಳಗೆ ಹೋಗಿಬಿಡುತ್ತೇನೆ. ನಡುವಿನದ್ದು ಬೇಕಾದರೆ ಹೇಳಬಲ್ಲೆ. ಆದರೆ ಅದರಲ್ಲಿ ಅವನು ಬರೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದು ಈಗ ನನಗೇ ಕಲಸಿಹೋಗಿದೆ. ಮೊಸರನ್ನ ಕಲಸಿದ ಮೇಲೆ ಮೊಸರನ್ನೂ ಅನ್ನವನ್ನೂ ಬೇರೆ ಮಾಡಿದ ಪುಣ್ಯಾತ್ಮ ಯಾರಾದರೂ ಇದ್ದರೆ ದಯವಿಟ್ಟು ನನ್ನ ಹತ್ತಿರ ಕಳಿಸಿಕೊಡಿ. ಇಷ್ಟು ಮಾತ್ರ ನಿಜ: ಆ ಕಥೆ ಕುಜಗ್ರಹದಲ್ಲಿ ನಡೆಯುತ್ತದೆ, ಮತ್ತು ಅಲ್ಲಿ ನಡೆದ ಒಂದು ಮದುವೆಗೆ ನಾನು ಹೊಣೆ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನಾಗ ಚನ್ನರಾಯಪಟ್ಟಣದ ಒಂದು ಮಿಡ್ಲ್ ಸ್ಕೂಲಿನಲ್ಲಿ ಅಸಿಸ್ಟೆಂಟ್ ಮೇಷ್ಟ್ರು. ಮನೆ ಹೊಳೆನರಸೀಪುರದಲ್ಲಿ. ಸೋಮವಾರ ಬೆಳಿಗ್ಗೆ ಹೊರಟರೆ ಶನಿವಾರ ಮಧ್ಯಾಹ್ನ ವಾಪಸು. ಪೆಟ್ರೋಲು ಸಿಗದೆ ಮೋಟಾರುಗಳೆಲ್ಲ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ದಿನಗಳು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ದಿಣ್ಣೆ ಬಂದರೆ ನಾವು ಇಳಿದು ಅದರ ಪಕ್ಕದಲ್ಲಿ ನಡೆಯುತ್ತಿದ್ದೆವು, ಕೆಲವರು ನಡೆದು ಮುಂದೆ ಹೋಗಿ ಅದಕ್ಕೆ ಕಾಯುತ್ತಿದ್ದರು. ಇಂಥ ವಾಹನದಲ್ಲಿ ಕೂತು, ಕೋಟ್ಯಂತರ ಮೈಲಿ ದೂರದ ಗ್ರಹಕ್ಕೆ ಒಂದೇ ಪ್ಯಾರಾದಲ್ಲಿ ಹೋಗಿ ಇಳಿಯುವವರ ಕಥೆ ಓದುವುದೆಂದರೆ ಯಾರಿಗಾದರೂ ತಲೆ ಸ್ವಲ್ಪ ಕೆಡುತ್ತದೆ.

ಕಥೆ ನನ್ನ ಕೈಗೆ ಬಂದದ್ದು ಹುರಿಗಡಲೆಯ ಜೊತೆ. ಚನ್ನರಾಯಪಟ್ಟಣದಲ್ಲಿ ನನ್ನ ಬಾಡಿಗೆ ಕೋಣೆಯ ಎದುರಿಗೆ ಪದ್ಮರಾಜಯ್ಯನವರ ದಿನಸಿ ಅಂಗಡಿ ಇತ್ತು. ಜೈನರು, ಬಹಳ ನೇಮದ ಮನುಷ್ಯ. ಸೂರ್ಯ ಇಳಿಯುವ ಮೊದಲು ಊಟ ಮುಗಿಯಬೇಕಾದ್ದರಿಂದ ಸಂಜೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ಮನೆಗೆ ಹೋಗಿ ಬರುತ್ತಿದ್ದರು. ಆಗ ಅಕ್ಕಿ ಸೀಮೆಎಣ್ಣೆಗಳಂತೆ ಕಾಗದಕ್ಕೂ ಬರ. ಪೊಟ್ಟಣ ಕಟ್ಟುವುದಕ್ಕೆ ರದ್ದಿ ಸಿಗದೆ ಒದ್ದಾಡಿದ ಅವರು, ಬೆಂಗಳೂರಿನ ದಂಡಿನಿಂದ ಸೋಲ್ಜರುಗಳು ಓದಿ ಬಿಸಾಡಿದ ಇಂಗ್ಲಿಷ್ ಪುಸ್ತಕಗಳ ಒಂದು ದೊಡ್ಡ ಮೂಟೆ ತರಿಸಿದರು. ಒರಟು ಕಾಗದ, ಅಂಚು ಮುಟ್ಟಿದರೆ ಪುಡಿ. ಆದರೆ ಅದರ ಚಿತ್ರಗಳನ್ನು ನೋಡಿ ಅವರಿಗೆ ಗಾಬರಿ. ಮಾನವಂತರ ಮನೆಗೆ ಇದು ಹೋಗುವುದು ಹೇಗೆ ಎಂದು ಯೋಚಿಸಿ, ಚಿತ್ರ ಒಳಗಡೆ ಬರುವ ಹಾಗೆ ಪೊಟ್ಟಣ ಕಟ್ಟುತ್ತಿದ್ದರು.

ಹಾಗಾಗಿ ನಾನು ಹುರಿಗಡಲೆ ತಿಂದು ಮುಗಿಸಿದ ಮೇಲೆ, ಪೊಟ್ಟಣದ ತಳದಲ್ಲಿ, ಕೈಯಲ್ಲಿ ಕತ್ತಿ ಹಿಡಿದ ಒಬ್ಬ ಗಂಡಸೂ ಮೈಮೇಲೆ ಬಟ್ಟೆ ಏನೇನೂ ಸಾಲದ ಒಬ್ಬ ಹೆಂಗಸೂ ನನ್ನನ್ನು ನೋಡುತ್ತಿದ್ದರು. ಅವರ ನೆತ್ತಿಯ ಮೇಲೆ ಎರಡು ಚಂದ್ರ. ಓದಿದೆ. ಅವಳು ಕುಜಗ್ರಹದ ರಾಜಕುಮಾರಿ, ಅವನು ಭೂಮಿಯಿಂದ ಹೋದವನು. ಮಾರನೆಯ ದಿನ ಇನ್ನೊಂದು ಪೊಟ್ಟಣ ತಂದೆ. ಆಮೇಲೆ ದಿನಾ ತಂದೆ. ಆ ವರ್ಷ ನಾನು ತಿಂದಷ್ಟು ಹುರಿಗಡಲೆಯನ್ನು ಒಂದು ಕುದುರೆಯೂ ತಿಂದಿರಲಾರದು.

ತೊಂದರೆ ಏನೆಂದರೆ, ಪದ್ಮರಾಜಯ್ಯನವರು ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ ಹರಿಯುತ್ತಿದ್ದರು. ಮೇಲಿನ ಅರ್ಧ ನನಗೆ ಬಂದರೆ ಕೆಳಗಿನ ಅರ್ಧ ಬೆಲ್ಲದ ಜೊತೆ ನುಗ್ಗೇಹಳ್ಳಿಗೋ ಕೊತ್ತಂಬರಿಯ ಜೊತೆ ಇನ್ನೆಲ್ಲಿಗೋ ಹೋಗಿರುತ್ತಿತ್ತು. ಪುಟದ ಸಂಖ್ಯೆ ಇದ್ದದ್ದು ಕೆಳಗಿನ ಅರ್ಧದಲ್ಲಿ. ಹೀಗಾಗಿ ನಾಯಕ ಸೋಮವಾರ ಸತ್ತು, ಬುಧವಾರ ಊಟ ಮಾಡಿ, ಶುಕ್ರವಾರ ಮೊದಲ ಸಲ ಕುಜಗ್ರಹಕ್ಕೆ ಬಂದಿಳಿದ. ಒಂದು ಹೆಸರನ್ನು ನಾನು ಆರು ತುಂಡುಗಳ ತನಕ ಅವನ ಕುದುರೆಯ ಹೆಸರು ಎಂದುಕೊಂಡಿದ್ದೆ. ಏಳನೆಯದರಲ್ಲಿ ಅದು ಎದ್ದು ನಿಂತು ರಾಜನಿಗೆ ಸಲಹೆ ಕೊಟ್ಟಾಗ ಅದು ಮಂತ್ರಿ ಎಂದು ತಿಳಿಯಿತು. ಇನ್ನೊಂದು ಬೆರಗು ಅವನು ಅಲ್ಲಿಯ ಭಾಷೆ ಕಲಿತದ್ದು. ಅರ್ಧ ಕಾಲಮ್ಮಿನಲ್ಲಿ ಕಲಿತುಬಿಟ್ಟ, ಮರುಕ್ಷಣ ಅದರಲ್ಲೇ ಪ್ರೇಮವನ್ನೂ ನಿವೇದಿಸಿಕೊಂಡ. ನಾನು ಹನ್ನೊಂದು ವರ್ಷ ಇಂಗ್ಲಿಷ್ ಓದಿ, ಇಂಟರ್‌ಮೀಡಿಯೆಟ್‌ನಲ್ಲಿ ಅದರಲ್ಲೇ ನಪಾಸಾದವನು.

ಇಂಥ ಕಥೆಗಳನ್ನು ಬರೆಯುವವರ ತಲೆ ಹೇಗೆ ಓಡುತ್ತದೋ ನನಗೆ ಇಂದಿಗೂ ಬಗೆಹರಿದಿಲ್ಲ. ಅಲ್ಲಿಯವರ ಹತ್ತಿರ ಬೆಟ್ಟ ಕರಗಿಸುವ ಕಿರಣದ ಕೋವಿ ಇದೆ, ಆಕಾಶದಲ್ಲಿ ತೇಲುವ ಹಡಗಿದೆ. ಆದರೂ ಜಗಳ ಬಂದರೆ ಕತ್ತಿ ಹಿರಿಯುತ್ತಾರೆ. ಊರು ನೋಡಿದರೆ ಬರೀ ಕೆಂಪು ಮರಳು, ನೀರಿಗೆ ಒಂದು ಕಾಲುವೆ. ಅಷ್ಟು ದೂರ ಹೋದವನು ಅಲ್ಲಿನ ಮಣ್ಣು ಹೇಗಿದೆ, ಏನು ಬೆಳೆಯುತ್ತಾರೆ ಎಂದು ಒಂದು ಮಾತು ವಿಚಾರಿಸಲಿಲ್ಲ. ಇಳಿದ ತಕ್ಷಣ ಒಬ್ಬರ ಜೊತೆ ಹೊಡೆದಾಟ, ಒಬ್ಬಳ ಜೊತೆ ಪ್ರೇಮ. ಅದೂ ಸರಿಯೇ ಇರಬಹುದು. ನಾನು ಅರಸೀಕೆರೆ ದಾಟಿ ಆಚೆ ಹೋದವನಲ್ಲ, ಗ್ರಹಾಂತರದ ಶಿಷ್ಟಾಚಾರ ನನಗೇನು ಗೊತ್ತು.

ಇಷ್ಟರಲ್ಲೇ ನಿಂತಿದ್ದರೆ ಇದು ಒಬ್ಬ ಮೇಷ್ಟ್ರ ಚಟವಾಗಿ ಮುಗಿಯುತ್ತಿತ್ತು. ಆದರೆ ಒಂದು ಶನಿವಾರ ನಾನು ಆ ತುಂಡುಗಳನ್ನು ಹೊಳೆನರಸೀಪುರಕ್ಕೆ ತೆಗೆದುಕೊಂಡು ಹೋದೆ.

ಮನೆಯಲ್ಲಿ ನಾವು ಮೂರೇ ಜನ. ನಾನು, ನನ್ನ ತಂಗಿ ಗಿರಿಜೆ, ನಮ್ಮ ಸೋದರತ್ತೆ ನಂಜಮ್ಮ. ಅಪ್ಪ ಅವ್ವ ಇಬ್ಬರೂ ಬೇಗ ಹೋಗಿದ್ದರಿಂದ, ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡಿದ್ದ ಅತ್ತೆಯೇ ನಮ್ಮಿಬ್ಬರನ್ನೂ ಸಾಕಿದವಳು. ಗಿರಿಜೆಗೆ ಆಗ ಇಪ್ಪತ್ತಮೂರು ತುಂಬಿತ್ತು. ಆ ಕಾಲಕ್ಕೆ ಅದು ಬೀದಿಯವರೆಲ್ಲ ಅತ್ತೆಯನ್ನು ನಿಲ್ಲಿಸಿ ವಿಚಾರಿಸುವ ವಯಸ್ಸು. ಹುಡುಗಿ ಲಕ್ಷಣವಾಗಿದ್ದಳು, ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಆದರೆ ಅವಳ ಜಾತಕದಲ್ಲಿ ಏಳನೆಯ ಮನೆಯಲ್ಲಿ ಕುಜ ಕೂತಿದ್ದ. ಅಂಥ ಹುಡುಗಿಯನ್ನು ತಂದರೆ ಗಂಡನಿಗೆ ಆಯುಸ್ಸಿಲ್ಲ ಎಂದು ಶಾಸ್ತ್ರ. ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ಜಾತಕ ಬಿಚ್ಚಿದ ಕೂಡಲೇ ಮೋಟಾರಿನ ಹೊತ್ತಾಯಿತು ಎಂದು ಏಳುತ್ತಿದ್ದರು. ಹಾಸನದವರು ಎದ್ದರು, ದುದ್ದದವರು ಎದ್ದರು. ಹಳೇಕೋಟೆಯ ಒಬ್ಬ ಎರಡನೆಯ ಸಂಬಂಧದವನೂ ಎದ್ದಾಗ ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತವಳು ಒಂದು ದಿನ ಊಟ ಮಾಡಲಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ಈ ಜಾತಕವನ್ನು ನಂಬಿದ್ದವಳು ಅತ್ತೆಯೇ. ತನ್ನ ಗಂಡ ಸತ್ತದ್ದು ತನ್ನ ಜಾತಕದ ಕುಜನಿಂದಲೇ ಎಂದು ಅವಳಿಗೆ ಯಾರೋ ಹೇಳಿದ್ದರು. ಹಾಗಾಗಿ ಜಾತಕ ಮುಚ್ಚಿಟ್ಟು ಮದುವೆ ಮಾಡೋಣ ಎಂದು ನಾನು ಒಮ್ಮೆ ಅಂದದ್ದಕ್ಕೆ, ಇನ್ನೊಬ್ಬರ ಮಗನ ಪ್ರಾಣ ನನಗೆ ಬೇಡ ಎಂದು ಕೈಮುಗಿದುಬಿಟ್ಟಳು. ನಾನು ಸೈನ್ಸ್ ಪಾಠ ಮಾಡುವವನು. ಕುಜ ಎಂದರೆ ಒಂದು ಕಲ್ಲುಮಣ್ಣಿನ ಉಂಡೆ, ಅದಕ್ಕೆ ನಮ್ಮ ಮನೆಯ ವಿಳಾಸ ಗೊತ್ತಿಲ್ಲ ಎಂದು ಅತ್ತೆಗೆ ಹೇಳಿ ಸೋತು, ಗಿರಿಜೆಗೆ ಹೇಳಿದೆ. ಹೆಣ್ಣಿಗೆ ಮದುವೆಯೊಂದೇ ಗುರಿಯಲ್ಲ, ಓದಿ ಟೀಚರಾಗು, ತಲೆ ಎತ್ತಿ ಬದುಕು ಎಂದು ಊಟದ ಎಲೆಯ ಮುಂದೆ ದೊಡ್ಡ ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿ, ಮಜ್ಜಿಗೆ ಹಾಕಲೇ ಎಂದು ಕೇಳಿದಳು. ಇವಳಿಗೆ ಮದುವೆಯ ಗೊಡವೆಯೇ ಇಲ್ಲ, ಒದ್ದಾಟವೆಲ್ಲ ಅತ್ತೆಯದು ಎಂದು ನಾನು ತೀರ್ಮಾನಿಸಿದೆ.

ಆ ಶನಿವಾರ ಸಂಜೆ ನಾನು ಜಗಲಿಯಲ್ಲಿ ಕೂತು ತುಂಡುಗಳನ್ನು ಜೋಡಿಸುತ್ತಿದ್ದೆ. ರಾಜಕುಮಾರಿಯನ್ನು ಹಾಗೆಯೇ ಮನೆಯೊಳಗೆ ತರುವುದಕ್ಕೆ ಮನಸ್ಸಾಗದೆ, ಮಕ್ಕಳ ಕಾಪಿ ತಿದ್ದುವ ಕೆಂಪು ಮಸಿಯಲ್ಲಿ ಅವಳಿಗೆ ಒಂದು ರವಿಕೆ ತೊಡಿಸಿ, ಸೀರೆಯನ್ನೂ ಉಡಿಸಿದ್ದೆ. ಅತ್ತೆ ಬಗ್ಗಿ ನೋಡಿ ಯಾವ ದೇವರು ಎಂದು ಕೇಳಿದಳು. ದೇವರಲ್ಲ, ಕುಜಲೋಕದ ರಾಜಕುಮಾರಿ ಎಂದೆ. ಅಷ್ಟೇ ಸಾಕಾಯಿತು. ಕುಜನ ಮನೆಯ ಸಮಾಚಾರ ಇಂಗ್ಲಿಷಿನವರ ಹತ್ತಿರ ಇದೆ, ಅದು ಅಚ್ಚಾಗಿದೆ, ಅದು ತನ್ನ ಮನೆಯ ಜಗಲಿಗೇ ಬಂದಿದೆ. ಅತ್ತೆ ಕೈಕಾಲು ತೊಳೆದು, ದೀಪ ಹಚ್ಚಿ, ಚಾಪೆ ಹಾಕಿ, ಓದು ಎಂದಳು. ಗಿರಿಜೆ ಅಕ್ಕಿಯ ಮೊರ ಹಿಡಿದು ಎದುರಿಗೆ ಕೂತಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಪುರಾಣ ಓದಿಸುವಾಗ ಕೆಟ್ಟ ಗಳಿಗೆಯಲ್ಲಿ ನಿಲ್ಲಿಸುವಂತಿಲ್ಲ. ಯಾರಾದರೂ ಕಾಡಿಗೆ ಹೋದರೆ, ಸೆರೆ ಸಿಕ್ಕರೆ, ಮೂರ್ಛೆ ಬಿದ್ದರೆ, ಅವರನ್ನು ಒಂದು ಒಳ್ಳೆಯ ಜಾಗಕ್ಕೆ ಮುಟ್ಟಿಸಿಯೇ ಪುಸ್ತಕ ಮಡಿಸಬೇಕು. ಇಲ್ಲದಿದ್ದರೆ ಅದು ಓದಿಸಿದ ಮನೆಗೆ ತಟ್ಟುತ್ತದೆ. ನಮ್ಮ ಪುರಾಣ ಬರೆದವರಿಗೆ ಇದು ಗೊತ್ತಿತ್ತು, ಅಲ್ಲಲ್ಲಿ ನಿಲ್ಲುವುದಕ್ಕೆ ತಂಗುದಾಣ ಕಟ್ಟಿಟ್ಟಿದ್ದಾರೆ. ಈ ಅಮೆರಿಕದವನಿಗೆ ಗೊತ್ತಿರಲಿಲ್ಲ. ಅವನ ಪ್ರತಿಯೊಂದು ಅಧ್ಯಾಯವೂ ನಾಯಕ ಪ್ರಪಾತದ ಅಂಚಿನಲ್ಲಿ ಜೋತಾಡುವಾಗಲೇ ಮುಗಿಯುತ್ತಿತ್ತು. ಮೊದಲ ದಿನ ನಾನು ಓದಿದ್ದು, ಅವನು ಹಾವಿನಂಥ ಜಂತುಗಳಿದ್ದ ಹಳ್ಳಕ್ಕೆ ಬೀಳುವಲ್ಲಿ ನಿಂತಿತು. ಕಾಗದ ಮುಗಿಯಿತು ಎಂದೆ.

"ಅಲ್ಲಿಗೆ ನಿಲ್ಲುಸ್ಬ್ಯಾಡ ಕಣ್ಲಾ," ಎಂದಳು ಅತ್ತೆ. "ಆ ಮಗ ಗುಂಡೀಲಿ ಬಿದ್ದವ್ನೆ. ಮೇಲಕ್ಕೆತ್ತಿ ಆಮೇಲೆ ಮಡ್ಚು."

ನಾನು ಹೋಗುವುದು ಸೋಮವಾರ, ಬರುವುದು ಮತ್ತೆ ಶನಿವಾರ. ವಾರಪೂರ್ತಿ ಅವನು ಗುಂಡಿಯಲ್ಲಿದ್ದರೆ ಅತ್ತೆಗೆ ಅನ್ನ ಇಳಿಯುವುದಿಲ್ಲ. ಎತ್ತಿದೆ. ಏಣಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಹೀಗೆ ವಾರವಾರವೂ ಅಮೆರಿಕದವನು ಅವನನ್ನು ಬೀಳಿಸುವುದು, ನಾನು ಎತ್ತುವುದು ನಡೆಯಿತು. ಮುಂದಿನ ವಾರ ಸಿಕ್ಕ ತುಂಡಿನಲ್ಲಿ ಅವನು ನಿಜವಾಗಿ ಬೇರೆಯೇ ರೀತಿಯಲ್ಲಿ ಪಾರಾಗಿರುತ್ತಿದ್ದ, ಅದನ್ನೂ ಹೇಗೋ ಸೇರಿಸಬೇಕು. ಕೊನೆಕೊನೆಗೆ ಕಥೆಯಲ್ಲಿ ಒಬ್ಬನೇ ನಾಯಕ ಒಂದೇ ಗುಂಡಿಯಿಂದ ಎರಡು ಸಲ ಮೇಲಕ್ಕೆ ಬಂದ. ಅತ್ತೆಗೆ ಅದು ತೊಡಕೆನಿಸಲಿಲ್ಲ, ಒಳ್ಳೆಯದು ಎರಡು ಸಲ ಆದರೆ ತಪ್ಪೇನು ಎಂದಳು.

ಅವಳಿಗೆ ತೊಡಕಾದದ್ದು ಬೇರೆ. ನಾಯಕನಿಗೂ ರಾಜಕುಮಾರಿಗೂ ಪ್ರೇಮ ಬೆಳೆಯುತ್ತಿದ್ದಂತೆ ಅತ್ತೆ ಹುಬ್ಬು ಗಂಟು ಹಾಕಿದಳು. ಕುಜ ಭೂದೇವಿಯ ಮಗ ಎಂದು ಅವಳು ಪುರಾಣದಲ್ಲಿ ಕೇಳಿದ್ದಳು. ಕುಜಲೋಕದ ರಾಜಕುಮಾರಿ ಎಂದಮೇಲೆ ಅವನ ಮಗಳೇ ಎಂದು ಅವಳ ಲೆಕ್ಕ. ಈ ನಾಯಕನೂ ಭೂಮಿಯಲ್ಲಿ ಹುಟ್ಟಿದವನು.

"ಅಂಗಾರೆ ಇಬ್ರೂ ಅಣ್ತಮ್ಮಂದ್ರಾದ್ರು. ತಮ್ಮನ ಮಗಳ್ನ ಮದ್ವೆ ಆಗಕ್ಕಾಯ್ತದಾ? ವರಸೆ ಕೂಡಕಿಲ್ಲ ಕಣ್ಲಾ ಇದು."

ಸಂಬಂಧದಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬ ವರಸೆ ನೋಡದೆ ನಮ್ಮಲ್ಲಿ ಎಲೆಯಡಿಕೆಯನ್ನೂ ಬದಲಾಯಿಸುವುದಿಲ್ಲ. ಭೂಮಿಯಲ್ಲಿ ಹುಟ್ಟಿದವರೆಲ್ಲ ಒಡಹುಟ್ಟಿದವರಾದರೆ ಇಲ್ಲಿ ಒಂದು ಮದುವೆಯೂ ಆಗುವಂತಿಲ್ಲವಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಸೋಮವಾರ, ಇದ್ದಲು ಮೋಟಾರಿನ ಪಕ್ಕ ದಿಣ್ಣೆ ಹತ್ತುವಾಗ. ಆ ಸಂಜೆ ಏನೂ ಹೊಳೆಯಲಿಲ್ಲ. ರಾಜಕುಮಾರಿಯ ತಂದೆ ಕುಜನಲ್ಲ, ಕುಜನ ಕೈಕೆಳಗಿನ ಒಬ್ಬ ಪಾಳೇಗಾರ ಎಂದೆ. ಹಾಗಿದ್ದರೂ ಏನು ವರಸೆ ಎಂದು ತಿಳಿಯಬೇಕಲ್ಲ ಎಂದಳು. ಬೇರೆ ದಾರಿ ಕಾಣದೆ, ಅವಳ ತಾಯಿ ಹಿಂದೊಮ್ಮೆ ಭೂಮಿಯಿಂದ ಹೋದ ಹೆಣ್ಣು, ನಾಯಕನಿಗೆ ದೂರದ ಅಕ್ಕ ಆಗಬೇಕು ಎಂದುಬಿಟ್ಟೆ. ಅತ್ತೆಯ ಮುಖ ಅರಳಿತು. ಅಕ್ಕನ ಮಗಳಾದರೆ ಸರಿಯೇ ಸರಿ, ಅವನಿರುವಾಗ ಬೇರೆ ಯಾರಿಗೂ ಕೊಡುವ ಹಾಗೇ ಇಲ್ಲ ಎಂದಳು. ಮುಂದೆ ಕಥೆಯಲ್ಲಿ ಆ ರಾಜಕುಮಾರಿಯನ್ನು ಬಯಸಿ ದಂಡೆತ್ತಿ ಬಂದ ಇನ್ನೊಬ್ಬ ರಾಜನನ್ನು ಅತ್ತೆ ಬಹಳ ಕೀಳಾಗಿ ಕಂಡಳು, ಸೋದರಮಾವನ ಹಕ್ಕಿಗೆ ಕೈಹಾಕಿದವನೆಂದು.

ಗ್ರಹಗತಿಯ ಬಗ್ಗೆ ನಾನೂ ಸ್ವಲ್ಪ ಯೋಚನೆ ಮಾಡಿದ್ದೇನೆ. ಕುಜಗ್ರಹದಲ್ಲೂ ಜೋಯಿಸರಿದ್ದರೆ ಅವರು ಬರೆಯುವ ಜಾತಕದಲ್ಲಿ ಕುಜ ಇರುವಂತಿಲ್ಲ, ಕಾಲ ಕೆಳಗೇ ಇದೆಯಲ್ಲ. ಅವನ ಜಾಗದಲ್ಲಿ ನಮ್ಮ ಭೂಮಿಯನ್ನು ಕೂರಿಸಬೇಕು. ಹಾಗಾದರೆ ಅಲ್ಲಿಯ ಯಾವುದೋ ಹುಡುಗಿಯ ಏಳನೆಯ ಮನೆಯಲ್ಲಿ ಹೊಳೆನರಸೀಪುರ, ಅರಕಲಗೂಡು ಸಮೇತ ನಾವೆಲ್ಲ ಕೂತು ಅವಳ ಮದುವೆ ಮುರಿಯುತ್ತಿರಬೇಕು. ನಮಗದರ ಸುಳಿವೂ ಇಲ್ಲ. ಇದನ್ನು ನಮ್ಮ ಮನೆಗೆ ಬರುತ್ತಿದ್ದ ಶಾಸ್ತ್ರಿಗಳಿಗೆ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ವಿಚಾರಿಸಿದರು.

ಅತ್ತೆಯ ಯೋಚನೆ ನನ್ನದಕ್ಕಿಂತ ಗಟ್ಟಿಯಾಗಿತ್ತು. ಮದುವೆ ತಡವಾದ ಹೆಣ್ಣುಮಕ್ಕಳಿಗಾಗಿ ಪುರಾಣದ ಕಲ್ಯಾಣದ ಅಧ್ಯಾಯ ಓದಿಸುವುದು ನಮ್ಮಲ್ಲಿ ಇದ್ದದ್ದೇ. ಅದನ್ನೆಲ್ಲ ಅವಳು ಓದಿಸಿ ಆಗಿತ್ತು. ಈಗ ಅವಳಿಗೆ ಹೊಳೆದದ್ದು ಹೀಗೆ: ಕುಜ ನಮ್ಮ ಹುಡುಗಿಯ ಏಳನೆಯ ಮನೆಯಲ್ಲಿ ಬಂದು ಕೂತಿದ್ದಾನೆ. ಅವನ ಸ್ವಂತ ಊರಲ್ಲೇ ಒಂದು ಮದುವೆ ನಡೆದರೆ, ಊರ ಯಜಮಾನನಾದವನು ಅಲ್ಲಿಗೆ ಹೋಗದೆ ಇರುತ್ತಾನೆಯೇ? ಏಳಲೇಬೇಕು. ಎದ್ದನೆಂದರೆ ನಮ್ಮ ಮನೆ ಖಾಲಿ. ಆದ್ದರಿಂದ ಆ ರಾಜಕುಮಾರಿಯ ಮದುವೆಯನ್ನು ಒಂದು ಮಂಗಳವಾರ ದೀಪ ಹಚ್ಚಿ, ಹೆಂಗಸರನ್ನು ಕರೆದು, ಪೂರ್ತಿ ಓದಿಸುತ್ತೇನೆ ಎಂದು ಹರಕೆ ಕಟ್ಟಿಕೊಂಡಳು.

ಆದರೆ ನನ್ನ ಹತ್ತಿರ ಮದುವೆಯ ಪುಟವಿರಲಿಲ್ಲ. ಗುಂಡಿಯಿಂದ ಎತ್ತುವುದು ಬೇರೆ, ಇಷ್ಟು ದೊಡ್ಡ ಸುಳ್ಳು ಬೇರೆ. ಅತ್ತೆ ನಂಬಿ ಕೂತಿದ್ದಳು. ನಿಜವಾದ ಕೊನೆಯೇ ಸಿಕ್ಕರೆ ಪಾಪ ನನ್ನ ಮೇಲೆ ಬರುವುದಿಲ್ಲ ಎಂದು ಪದ್ಮರಾಜಯ್ಯನವರ ಕಾಲು ಹಿಡಿದೆ. ಮೂಟೆಯ ತಳದ ಪುಸ್ತಕಗಳನ್ನೆಲ್ಲ ಅರಕಲಗೂಡಿನ ಒಬ್ಬ ಖಾಸಗಿ ಡಾಕ್ಟರ ಕಾಂಪೌಂಡರ್ ಬಂದು ಒಯ್ದ, ಪುಡಿ ಔಷಧ ಕಟ್ಟಿಕೊಡುವುದಕ್ಕೆ ಅವನಿಗೂ ಕಾಗದವಿಲ್ಲವಂತೆ ಎಂದರು.

ಭಾನುವಾರ ಅರಕಲಗೂಡಿಗೆ ಹೋದೆ. ಕಾಂಪೌಂಡರ್ ಚನ್ನಬಸಪ್ಪ ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಕಾಗದವನ್ನು ಅಂಗೈಯಗಲ ಕತ್ತರಿಸಿ, ಜ್ವರದ ಪುಡಿ ಹಾಕಿ ಮಡಿಸುತ್ತಾ ಕೂತಿದ್ದ. ನಾನು ಕಥೆಯ ವಿಷಯ ಎತ್ತಿದ್ದೇ ತಡ, ಅವನ ಕೈ ನಿಂತಿತು. ಅವನೂ ಓದುತ್ತಿದ್ದ. ಓದದೆ ಒಂದು ಹಾಳೆಯನ್ನೂ ಕತ್ತರಿಸಿದವನಲ್ಲವಂತೆ. ಮಂತ್ರಿಯನ್ನು ಅವನೂ ಮೊದಲು ಕುದುರೆ ಎಂದುಕೊಂಡಿದ್ದ ಎಂದು ತಿಳಿದಾಗ ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಕೊನೆ ಏನಾಯಿತು ಎಂದು ಕೇಳಿದೆ. ಕೊನೆಯ ಹಾಳೆಗಳೆಲ್ಲ ಪುಡಿಯ ಜೊತೆ ಊರೂರಿನ ರೋಗಿಗಳ ಮನೆಗೆ ಹೋಗಿಯಾಗಿತ್ತು. ಆದರೆ ಅವನಿಗೆ ನೆನಪಿತ್ತು.

"ಮದ್ವೆ ಆಗ್ನಿಲ್ಲ ಸಾ. ಅವ್ನು ಆಕಾಸದ ಅಡಗು ಅತ್ಕಂಡು ವಾಪಸ್ ಬಂದ್ಬುಟ್ಟ. ಆವಮ್ಮ ಅಲ್ಲೇ ನಿಂತ್ಕಂಡು ನೋಡ್ತಾ ಅವ್ಳೆ, ಅಷ್ಟೇಯ."

ಇದನ್ನು ಹೇಳುವಾಗ ಅವನಿಗೂ ಬೇಜಾರಾಗಿತ್ತು. ಹುಡುಕಿ, ಕತ್ತರಿಸದೆ ಉಳಿದಿದ್ದ ಒಂದೇ ಒಂದು ತುಂಡು ಕೊಟ್ಟ. ಒಂದು ಮಗ್ಗುಲಲ್ಲಿ ಏನೋ ಕ್ಷೌರದ ಬ್ಲೇಡಿನ ಜಾಹೀರಾತು. ಇನ್ನೊಂದು ಮಗ್ಗುಲಲ್ಲಿ ಚಿತ್ರ: ಆಕಾಶದಲ್ಲಿ ಸಣ್ಣದಾಗುತ್ತಿರುವ ಹಡಗು, ಕೆಳಗೆ ಮರಳಲ್ಲಿ ಒಬ್ಬಳೇ ನಿಂತ ರಾಜಕುಮಾರಿ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅದನ್ನೇ ನೋಡಿದೆ. ಆ ಅಮೆರಿಕದವನ ಮೇಲೆ ನನಗೆ ಕೆಟ್ಟ ಕೋಪ ಬಂತು. ಅಷ್ಟೊಂದು ಹೊಡೆದಾಡಿಸಿ, ಅಷ್ಟು ಸಲ ಗುಂಡಿಗೆ ಬೀಳಿಸಿ, ಕೊನೆಗೆ ಹುಡುಗಿಯನ್ನು ಮರಳಲ್ಲಿ ನಿಲ್ಲಿಸಿ ಬರುವುದಕ್ಕೆ ಇವನಿಗೆ ಮನಸ್ಸು ಹೇಗೆ ಬಂತು?

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಕೊನೆಯ ವಿಷಯ ಕೇಳುವ ಮೊದಲೇ, ಆ ಕಾಂಪೌಂಡರ್ ನಮ್ಮವರೇನು, ಮದುವೆಯಾಗಿದೆಯೇನು ಎಂದು ವಿಚಾರಿಸಿದಳು. ನಮ್ಮವರೇ, ಆಗಿಲ್ಲ ಎಂದೆ. ಜಾತಕ? ಅವನಿಗೆ ಜಾತಕವೇ ಇರಲಿಲ್ಲ. ಹುಟ್ಟಿದ ಹೊತ್ತು ಬರೆದಿಟ್ಟವರಿಲ್ಲ. ಆಮೇಲೆ ಅತ್ತೆ, ಪುಟ ಸಿಕ್ಕಿತಾ ಎಂದಳು. ಗಿರಿಜೆ ಒಳಗಿನಿಂದ ಕೊಡ ಹಿಡಿದು ಹೊರಗೆ ಬಂದವಳು ಹೊಸ್ತಿಲಲ್ಲಿ ನಿಂತಿದ್ದಳು. ಸಿಕ್ಕಿತು ಎಂದು ನಾನು ಹೇಳಿದೆ. ಏಕೆ ಹಾಗೆ ಹೇಳಿದೆನೋ ನನಗೆ ಇಂದಿಗೂ ಸ್ಪಷ್ಟವಿಲ್ಲ.

ಮಂಗಳವಾರಕ್ಕೆ ರಜೆ ಬೇಕಾಯಿತು. ಚೀಟಿಯಲ್ಲಿ ಮನೆಯಲ್ಲಿ ಮದುವೆ ಎಂದು ಬರೆದೆ. ಯಾರದು ಎಂದು ಹೆಡ್‌ಮೇಷ್ಟ್ರು ಕೇಳಿದಾಗ ದೂರದ ಸಂಬಂಧ ಎಂದೆ.

ಅಂದು ಸಂಜೆ ನಡುಮನೆ ತುಂಬ ಹೆಂಗಸರು. ತೆಂಗಿನಕಾಯಿ, ವೀಳ್ಯದೆಲೆ, ಎರಡು ದೀಪ. ಬ್ಲೇಡಿನ ಜಾಹೀರಾತನ್ನು ನನ್ನ ಕಡೆಗೆ ಹಿಡಿದುಕೊಂಡು ನಾನು ಕುಜಲೋಕದ ಮದುವೆ ಓದಿದೆ. ನನಗೆ ಬೇರೆ ಮದುವೆ ಗೊತ್ತಿಲ್ಲದ ಕಾರಣ ಅಲ್ಲಿಯೂ ನಮ್ಮ ಹಾಗೆಯೇ ಅರಿಶಿನ ಹಚ್ಚಿದರು, ಧಾರೆ ಎರೆದರು. ಮರಳುಗಾಡಿನಲ್ಲಿ ಚಪ್ಪರಕ್ಕೆ ಸೊಪ್ಪು ಎಲ್ಲಿಂದ ಬಂತು ಎಂದು ಒಬ್ಬಾಕೆ ಕೇಳಿದ್ದಕ್ಕೆ ಕಾಲುವೆ ದಡದಿಂದ ತಂದರೆಂದೆ. ಊಟಕ್ಕೆ ಏನು ಮಾಡಿದ್ದರು ಎಂದು ಇನ್ನೊಬ್ಬಾಕೆ ಕೇಳಿದಾಗ ಹೋಳಿಗೆ ಬಡಿಸಿದೆ. ತಾಳಿ ಕಟ್ಟಿದ ಮೇಲೆ ಅರುಂಧತಿ ನಕ್ಷತ್ರ ತೋರಿಸಬೇಕಲ್ಲ. ನಾಯಕ ಅವಳ ಕೈ ಹಿಡಿದು ಆಕಾಶದಲ್ಲಿ ಭೂಮಿಯನ್ನು ತೋರಿಸಿದ, ಅದು ಅಲ್ಲಿಂದ ನೀಲಿಯಾಗಿ ಮಿನುಗುತ್ತಿತ್ತು, ಅದೇ ನನ್ನ ಊರು ಎಂದ ಎಂದು ಓದಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಿಜೆ ನನ್ನ ಎದುರಿಗೇ ಕೂತಿದ್ದಳು. ಅವಳು ಅಳಲಿಲ್ಲ, ನಗಲೂ ಇಲ್ಲ. ಎಲ್ಲ ಮುಗಿದ ಮೇಲೆ ಹೆಂಗಸರಿಗೆ ಕುಂಕುಮ ಕೊಟ್ಟಳು.

ಮರುದಿನದಿಂದ ಅತ್ತೆ ಬೇರೆಯೇ ಹೆಂಗಸು. ಗಿರಿಜೆಗೂ ಆ ಕಾಂಪೌಂಡರಿಗೂ ಹೆಸರಿನ ಮೇಲೆ ಕೂಡಾವಳಿ ನೋಡಿದ ಶಾಸ್ತ್ರಿಗಳು, ಅದೇನೋ ಸರಿಹೋಗುತ್ತದೆ, ಆದರೆ ಹುಡುಗಿಯ ಏಳನೆಯ ಮನೆಯ ಕುಜ ಹಾಗೇ ಇದ್ದಾನಲ್ಲ ಎಂದರು. ಅವನೆಲ್ಲಿದ್ದ, ಎದ್ದು ಹೋಗಿ ಆಯಿತು ಎಂದು ಅತ್ತೆ ಅವರ ಮುಖದ ಮೇಲೇ ಹೇಳಿದಳು. ಇಪ್ಪತ್ತು ವರ್ಷದಿಂದ ಅವರ ಮಾತಿಗೆ ಹೂಂ ಎನ್ನುತ್ತಿದ್ದವಳು ಹೀಗೆ ತಿರುಗಿದ್ದು ಕಂಡು ಅವರು ಪಂಚಾಂಗ ಮಡಿಸಿಕೊಂಡು ಎದ್ದರು. ಚನ್ನಬಸಪ್ಪ ಬಂದು ನೋಡಿ ಒಪ್ಪಿಕೊಂಡ. ಮದುವೆಯಾಯಿತು. ಮದುವೆಯ ದಿನ ಅತ್ತೆಯಷ್ಟು ಗಟ್ಟಿಯಾಗಿ ಮಾತಾಡಿದವರು ಆ ಬೀದಿಯಲ್ಲೇ ಇರಲಿಲ್ಲ.

ನೆಮ್ಮದಿ ಇಲ್ಲದವನು ನಾನೊಬ್ಬನೇ. ಬೆಳಿಗ್ಗೆ ಮಕ್ಕಳಿಗೆ ಕುಜ ಒಂದು ಉಂಡೆ ಎಂದು ಪಾಠ ಮಾಡುವವನು, ಸುಳ್ಳು ಓದಿ ಅದನ್ನು ಮನೆಯಿಂದ ಎಬ್ಬಿಸಿದ್ದೆ. ಹಾಗೆ ಎಬ್ಬಿಸಿದ್ದು ನಿಜವಾದರೆ ಪಾಠ ಸುಳ್ಳು. ಪಾಠ ನಿಜವಾದರೆ, ಅತ್ತೆಯ ಕಣ್ಣೀರನ್ನು ಇಟ್ಟುಕೊಂಡು ನಾನು ಆಡಿದ್ದು ಮೋಸ. ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಕಥೆಯ ನಿಜವಾದ ಕೊನೆ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಈಗ ನನ್ನ ಭಾವ. ಒಂದಲ್ಲ ಒಂದು ದಿನ ಅವನು ಗಿರಿಜೆಗೆ ಹೇಳುತ್ತಾನೆ. ತನ್ನ ಮದುವೆ ಅಣ್ಣನ ಸುಳ್ಳಿನ ಮೇಲೆ ನಿಂತಿದೆ ಎಂದು ತಿಳಿದರೆ ಅವಳ ಎದೆಗೆ ಏನಾಗಬಹುದು? ಅವನಿಗೆ ಒಂದು ಸಣ್ಣ ಜ್ವರ ಬಂದರೂ ಅವಳು ಕುಜನನ್ನು ನೆನೆಸಿಕೊಂಡು ನಡುಗುವುದಿಲ್ಲವೇ?

ಮೂರು ತಿಂಗಳು ಕಳೆದು ಅರಕಲಗೂಡಿಗೆ ಹೋದೆ. ಭಾವ ಡಾಕ್ಟರ ಹತ್ತಿರ ಹೋಗಿದ್ದ. ಗಿರಿಜೆ ನನ್ನನ್ನು ಅಡಿಗೆಮನೆಯಲ್ಲೇ ಮಣೆ ಹಾಕಿ ಕೂರಿಸಿ ರೊಟ್ಟಿ ತಟ್ಟತೊಡಗಿದಳು. ನಾನು ಅತ್ತಿತ್ತ ಮಾತಾಡಿ, ಕೊನೆಗೆ ತಡೆಯಲಾರದೆ, ಕಥೆಯ ವಿಷಯ ಭಾವ ಏನಾದರೂ ಹೇಳಿದರಾ ಎಂದು ಕೇಳಿದೆ. ಮದುವೆಯಾದ ಮೂರನೆಯ ದಿನವೇ ಹೇಳಿದರು ಎಂದಳು. ಈಗ ಅವರಿಗೇ ಅನುಮಾನವಂತೆ, ಅಂಚು ಪುಡಿಯಾಗಿ ಪುಟದ ಸಂಖ್ಯೆ ಹೋಗಿದ್ದ ಬಿಡಿಹಾಳೆಗಳನ್ನು ಜೋಡಿಸಿದ್ದು ತಾವೇ ಆದ್ದರಿಂದ ಆ ಹಡಗು ಹೋಗುವುದು ಮೊದಲೋ ಕೊನೆಯೋ ಗೊತ್ತಾಗುತ್ತಿಲ್ಲವಂತೆ. ನಾನು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವಳು ರೊಟ್ಟಿ ಮಗುಚುತ್ತಾ, ಅದು ತನಗೆ ಮೊದಲೇ ಗೊತ್ತಿತ್ತು ಎಂದಳು. ನಾನು ಜಾಹೀರಾತು ನೋಡಿಕೊಂಡು ಮದುವೆ ಓದುತ್ತಿದ್ದಾಗ ಕಾಗದದ ಇನ್ನೊಂದು ಮಗ್ಗುಲು ಅವಳ ಕಡೆಗಿತ್ತು. ಒಬ್ಬಳೇ ನಿಂತ ಆ ಹುಡುಗಿಯನ್ನು ನೋಡುತ್ತಲೇ ಅವಳು ಧಾರೆಯನ್ನೂ ಕೇಳಿದ್ದಳು, ಹೋಳಿಗೆಯನ್ನೂ ಕೇಳಿದ್ದಳು.

ಗೊತ್ತಿದ್ದೂ ಅವತ್ತು ಯಾಕೆ ಸುಮ್ಮನಿದ್ದೆ, ಇದೆಲ್ಲ ಅತ್ತೆಯ ಹುಚ್ಚು ಎಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದೆ. ಗಿರಿಜೆ ಬಾಗಿ ಒಲೆಯ ಕೊಳ್ಳಿ ಹಿಂದಕ್ಕೆಳೆದಳು.

"ಆ ಹುಡುಗೀಗೆ ಮದ್ವೆ ಬೇಕಾಗಿತ್ತೋ ಇಲ್ವೋ ನಂಗೊತ್ತಿಲ್ಲ ಅಣ್ಣಯ್ಯ," ಎಂದಳು. "ನಂಗೆ ಬೇಕಾಗಿತ್ತು."

ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆ ಒಂದು ಮಾತನ್ನು ನಾನು ಅವಳನ್ನು ಕೇಳಿರಲಿಲ್ಲ. ತಲೆ ತಗ್ಗಿಸಿಕೊಂಡು ರೊಟ್ಟಿ ತಿಂದೆ.